ಅಕ್ಕನಿಗಾಗಿ ಕಟ್ಟಿದ ಗೋಡೆ

ನಮ್ಮ ಊರಿನಲ್ಲಿ ಒಂದು ಮನೆ ಬದಲಾಗಲು ಒಂದೇ ಸಲ ಒಪ್ಪುತ್ತದೆ. ಕಟ್ಟಿದ ಮೇಲೆ ಒಂದು ಸಲ ಗೋಡೆ ಒಡೆಯಬಹುದು, ಬಾಗಿಲು ಸರಿಸಬಹುದು, ಮೆಟ್ಟಿಲು ತೆಗೆಯಬಹುದು. ಏನು ಮಾಡುವುದಿದ್ದರೂ ಆ ಒಂದೇ ಸಲಕ್ಕೆ ಮಾಡಿಕೊಳ್ಳಬೇಕು. ಗಾರೆಯವನು ಕೆಲಸ ಮುಗಿಸಿ ಕರಣೆ ತೊಳೆದಿಟ್ಟನೆಂದರೆ ಮುಗಿಯಿತು. ಆಮೇಲೆ ಒಂದು ಇಟ್ಟಿಗೆ ಕಿತ್ತರೂ ಬೆಳಗಾಗುವುದರೊಳಗೆ ಅದು ತನ್ನ ಜಾಗದಲ್ಲಿ ಬಂದು ಕೂತಿರುತ್ತದೆ. ಸುಣ್ಣ ಬಳಿದರೆ, ಮೊಳೆ ಹೊಡೆದರೆ ಮನೆ ಅಡ್ಡಿ ಮಾಡುವುದಿಲ್ಲ. ಮನೆ ಕೊಳ್ಳಲು ಬಂದವರು ನಮ್ಮಲ್ಲಿ ನೀರಿನ ವಿಚಾರ ಕೇಳುವ ಮೊದಲು, "ಒಪ್ಪಿಗೆ ಉಳಿದಿದೆಯಾ?" ಎಂದು ಕೇಳುತ್ತಾರೆ.

ಹಾಗಾಗಿ ತಿಳಿದವರು ಆ ಒಪ್ಪಿಗೆಯನ್ನು ಮುಪ್ಪಿಗೆಂದು ಇಟ್ಟುಕೊಳ್ಳುತ್ತಾರೆ. ಹೊಸದಾಗಿ ಮದುವೆಯಾದವರು ನಡುಮನೆ ದೊಡ್ಡದು ಮಾಡಲು ಹೊರಟರೆ ಹಿರಿಯರು ಕೈ ಹಿಡಿದು ನಿಲ್ಲಿಸುತ್ತಾರೆ. ಮೇಲಿನ ಬೀದಿಯ ಸೋಬಯ್ಯ ಹರೆಯದಲ್ಲಿ ಮುಂಬಾಗಿಲಿಗೆ ಕಮಾನು ಹಾಕಿಸಿ ಒಪ್ಪಿಗೆ ಕಳೆದುಕೊಂಡ. ಈಗ ಅವನನ್ನು ಇಬ್ಬರು ಹೊತ್ತು ಮೆಟ್ಟಿಲಿಳಿಸುತ್ತಾರೆ. ಕಮಾನಿನ ಕೆಳಗೆ ಹಾದುಹೋಗುವಾಗ ಅವನು ತಲೆ ಎತ್ತುವುದಿಲ್ಲ.

ನಾನು ಆ ಕೆಲಸದವನು. ಹೆಸರು ಚಲುವಯ್ಯ. ಮೂವತ್ತು ವರ್ಷ ಈ ಊರಿನ ಮನೆಗಳನ್ನು ಮುಪ್ಪಿಗೆ ಅಣಿ ಮಾಡಿದ್ದೇನೆ. ಎಲ್ಲಿ ಹಿಡಿ ಇರಬೇಕು, ಹೊಸ್ತಿಲು ಎಷ್ಟು ತೆಗೆಯಬೇಕು, ಹಾಸಿಗೆಯಿಂದ ಬಚ್ಚಲಿಗೆ ಎಷ್ಟು ಹೆಜ್ಜೆ, ಕತ್ತಲಲ್ಲಿ ಕೈ ಚಾಚಿದರೆ ಸ್ವಿಚ್ಚು ಎಲ್ಲಿ ಸಿಗಬೇಕು, ಎಲ್ಲ ನನಗೆ ಬಾಯಿಪಾಠ. ಕೆಲಸಕ್ಕೆ ಮೊದಲು ಆ ಮನೆಗೆ ಒಂದು ತಿಂಗಳು ಓಡಾಡಿ, ಗೋಡೆ ಅಳೆದು, ಮನಸ್ಸಿನಲ್ಲೇ ನೂರು ಸಲ ಕಟ್ಟಿ ಕೆಡವುತ್ತಿದ್ದೆ. ನಾನು ಮಾಡಿಕೊಟ್ಟ ಮನೆಯಲ್ಲಿ ಒಬ್ಬರೂ ಜಾರಿ ಬಿದ್ದಿಲ್ಲ ಎಂದು ಜನ ಹೇಳುತ್ತಿದ್ದರು. ಆ ಮಾತು ನನಗೆ ತುಂಬ ಇಷ್ಟವಾಗುತ್ತಿತ್ತು.

ಮನೆಯಲ್ಲಿ ನಾನು ಮತ್ತು ಅಕ್ಕ ಇಬ್ಬರೇ. ಅಕ್ಕನ ಹೆಸರು ಸಾಕಮ್ಮ, ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮವ್ವ ಬೇಗ ಹೋದಳು, ನನ್ನನ್ನು ಸಾಕಿದ್ದು ಅಕ್ಕನೇ. ಬಾಲವಾಡಿಯಲ್ಲಿ ಆಯಾ ಆಗಿದ್ದಳು. ಮದುವೆಯಾಗಲಿಲ್ಲ. ನಾನು ಮದುವೆಯಾದೆ, ಆರನೇ ವರ್ಷಕ್ಕೆ ಹೆಂಡತಿಯನ್ನು ಕಳೆದುಕೊಂಡೆ. ಆಮೇಲೆ ಮತ್ತೆ ನಾವಿಬ್ಬರೇ ಆದೆವು. ಒಂದು ನಡುಮನೆ, ಒಂದು ಅಡುಗೆಮನೆ, ಅದರಾಚೆ ಹಿತ್ತಿಲು. ಬಚ್ಚಲು ಹಿತ್ತಿಲಿನ ಮೂಲೆಯಲ್ಲಿತ್ತು. ನಮ್ಮ ಮನೆಯ ಬೆನ್ನಿಗೆ ಚೆನ್ನಾಜಮ್ಮನ ಮನೆಯ ಬೆನ್ನು. ನಡುವಿನ ಹಿತ್ತಿಲು ಎರಡೂ ಮನೆಗೆ ಸೇರಿದ್ದು. ಬಾವಿ, ಒಗೆಯುವ ಕಲ್ಲು ಎಲ್ಲ ಒಟ್ಟಿಗೆ. ಬಾಗಿಲಿನಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ.

ಚೆನ್ನಾಜಮ್ಮ ಆ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ಅಕ್ಕನ ಗೆಳತಿ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ನಮ್ಮ ಹಿತ್ತಿಲ ಬಾಗಿಲಲ್ಲಿ ಕೂರುತ್ತಿದ್ದರು. ಅಕ್ಕ ಹೊಸ್ತಿಲ ಒಳಗೆ, ಅವಳು ಹೊರಗೆ. ಮಂಡಿಯಿಂದ ಹುಣಸೆಹಣ್ಣು ತರಿಸಿಕೊಂಡು, ಕೊಡತಿಯಲ್ಲಿ ಕುಟ್ಟಿ ಬೀಜ ಬಿಡಿಸುತ್ತಿದ್ದರು. ನಾನು ಮನೆಯಲ್ಲಿದ್ದ ದಿನ ಒಳಗೆ ಮಲಗಿ ಆ ಕೊಡತಿಯ ಸದ್ದನ್ನೂ ಅವರ ಮಾತನ್ನೂ ಕೇಳುತ್ತ ನಿದ್ದೆ ಹೋಗುತ್ತಿದ್ದೆ. ಏನು ಮಾತಾಡುತ್ತಿದ್ದರೆಂದು ಕೇಳಿದರೆ ಹೇಳಲಾರೆ. ನಾನು ಕಿವಿಗೊಟ್ಟವನಲ್ಲ.

ಅಕ್ಕನಿಗೆ ಅರವತ್ತಾರು ತುಂಬಿದ ವರ್ಷ ಮಳೆಗಾಲದಲ್ಲಿ ಅವಳು ಬಚ್ಚಲಿಗೆ ಹೋಗುವಾಗ ಹಿತ್ತಿಲಲ್ಲಿ ಜಾರಿ ಬಿದ್ದಳು. ಹುಬ್ಬು ಒಡೆದು ನಾಲ್ಕು ಹೊಲಿಗೆ ಬಿತ್ತು. ಎತ್ತಿ ಕೂರಿಸಿದವಳು ಚೆನ್ನಾಜಮ್ಮನೇ. ಅಂದಿನಿಂದ ನನಗೆ ಹೆದರಿಕೆ ಹತ್ತಿತು. ಊರವರ ಮನೆಯನ್ನೆಲ್ಲ ಸರಿ ಮಾಡಿದವನ ಅಕ್ಕ ಮಳೆಯಲ್ಲಿ ಜಾರಿ ಬಿದ್ದಳು ಎಂಬುದು ನನ್ನ ಮರ್ಯಾದೆಯ ಪ್ರಶ್ನೆಯೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಒಪ್ಪಿಗೆ ಹಾಗೇ ಉಳಿದಿತ್ತು. ಮನಸ್ಸಿನಲ್ಲೇ ಕಟ್ಟತೊಡಗಿದೆ. ಬಚ್ಚಲು ಒಳಗೆ ಬರಬೇಕು. ನೀರು ಹರಿಯುವ ಇಳಿಜಾರು ಇದ್ದದ್ದು ಅಡುಗೆಮನೆಯ ಹಿಂದಿನ ಮೂಲೆಯಲ್ಲಿ ಮಾತ್ರ. ಆ ಮೂಲೆಯಲ್ಲಿ ಹಿತ್ತಿಲ ಬಾಗಿಲಿತ್ತು. ನಲ್ಲಿ ಮನೆಯೊಳಗೇ ಇತ್ತು, ಬಚ್ಚಲೂ ಒಳಗೆ ಬಂದ ಮೇಲೆ ಹಿತ್ತಿಲಿಗೆ ಹೋಗುವ ಕೆಲಸವಾದರೂ ಏನಿದೆ ಎಂದುಕೊಂಡೆ.

ಅಕ್ಕನನ್ನು ಕೇಳಲಿಲ್ಲ. ಬೇರೆಯವರ ಮನೆಯಲ್ಲಾದರೆ, ಎಷ್ಟು ಎತ್ತರಕ್ಕೆ ಕೈ ಏಳುತ್ತೆ, ಯಾವ ಮಗ್ಗುಲಿಗೆ ಮಲಗ್ತೀರಿ ಎಂದಾದರೂ ಕೇಳುತ್ತಿದ್ದೆ. ಅಕ್ಕನ ಕೈ ಎಷ್ಟೆತ್ತರ ಏಳುತ್ತದೆ ಎಂದು ನನಗೆ ಗೊತ್ತಿತ್ತು.

ಕಾರ್ತೀಕದಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಬಾಣಂತನಕ್ಕೆಂದು ಅಕ್ಕನಿಗೆ ಬೇರೆ ಊರಿನಿಂದ ಕರೆ ಬಂತು. ಮೂರು ವಾರದ ಮಾತು. ಅವಳು ಹೊರಡುವ ಹಿಂದಿನ ದಿನ ಹಿತ್ತಿಲಲ್ಲಿ ಸಣ್ಣ ಜಗಳವಾಯಿತು. ಚೆನ್ನಾಜಮ್ಮನ ಕೋಳಿಗಳು ಅಕ್ಕ ಹಾಕಿದ್ದ ಕೊತ್ತಂಬರಿ ಮಡಿಯನ್ನು ಕೆದಕಿ ಹಾಕಿದ್ದವು. ಅದು ಮೂರನೇ ಸಲ. ಅಕ್ಕನಿಗೆ ಸಿಟ್ಟು ಬಂದು, "ನಿನ್ನ ಕೋಳಿನೂ ಬೇಡ, ನೀನೂ ಬೇಡ. ಇನ್ಮೇಲೆ ಈ ಕಡೆ ಬರಬೇಡ್ರಿ" ಎಂದಳು. ಚೆನ್ನಾಜಮ್ಮ ಕೋಳಿ ಅಟ್ಟಿಕೊಂಡು ಹೋದಳು. ಇಂಥ ಜಗಳ ಅವರಿಬ್ಬರಲ್ಲಿ ವರ್ಷಕ್ಕೆ ಹತ್ತು ಆಗುತ್ತಿದ್ದವು, ಮಾರನೆಯ ದಿನದ ಕೊಡತಿಯ ಸದ್ದಿಗೆ ಮರೆತುಹೋಗುತ್ತಿದ್ದವು. ಆದರೆ ಮಾರನೆಯ ದಿನ ಅಕ್ಕ ಬೆಳಗಿನ ಬಸ್ಸಿಗೆ ಹೋಗಿಬಿಟ್ಟಳು.

ಅವಳು ಹೋದ ಎರಡನೇ ದಿನ ನಾನು ಕೆಲಸ ಹಿಡಿದೆ. ಅಕ್ಕನಿಗೆ ದೂಳು ಆಗುವುದಿಲ್ಲ, ಅವಳಿಲ್ಲದಾಗಲೇ ಮುಗಿಸುವುದು ಒಳ್ಳೆಯದು ಎಂಬುದು ಒಂದು ನೆಪ. ಬಂದವಳು ಬಾಯಿ ಬಿಟ್ಟು ನೋಡಬೇಕು ಎಂಬ ಆಸೆ ಇನ್ನೊಂದು. ಮುಂಬಾಗಿಲಿನ ಎರಡು ಮೆಟ್ಟಿಲು ತೆಗೆದು ಇಳಿಜಾರು ಮಾಡಿದೆ. ಹೊಸ್ತಿಲು ನೆಲಸಮ ಮಾಡಿದೆ. ಮುಂದೆ ಗಾಲಿಕುರ್ಚಿ ಬೇಕಾದರೂ ಹೋಗುವಷ್ಟು ಒಳಬಾಗಿಲು ಅಗಲ ಮಾಡಿದೆ. ಕೂತೇ ಅಡುಗೆ ಮಾಡುವ ಹಾಗೆ ಒಲೆಕಟ್ಟೆ ತಗ್ಗಿಸಿದೆ. ಕೊನೆಗೆ ಹಿತ್ತಿಲ ಬಾಗಿಲನ್ನು ಚೌಕಟ್ಟು ಸಮೇತ ಕಿತ್ತು ಇಟ್ಟಿಗೆ ಏರಿಸಲು ನಿಂತೆ.

ಎದೆಮಟ್ಟ ಗೋಡೆ ಎದ್ದಿತ್ತು. ಆಚೆಯಿಂದ ಚೆನ್ನಾಜಮ್ಮ ಬಂದು ನಿಂತಳು. ಒಂದು ಗಳಿಗೆ ನೋಡಿದಳು.

"ಇದೇನ್ಲಾ ಚಲುವ, ಬಾಗ್ಲು ಮುಚ್ತಾ ಇದ್ದೀಯ?"

"ಹೂಂ ಚೆನ್ನಾಜಕ್ಕ, ಬಚ್ಚಲು ಒಳಕ್ಕೆ ತರ್ತಾ ಇದ್ದೀನಿ."

"ನಿಮ್ಮಕ್ಕ ಹೇಳಿ ಹೋದ್ಲಾ?"

ನನ್ನ ಜೊತೆ ಕೆಲಸಕ್ಕೆ ಇಬ್ಬರು ಇದ್ದರು. ಗಾರೆ ಕಲಸಿಟ್ಟಿತ್ತು, ಒಣಗುತ್ತಿತ್ತು. ಅಕ್ಕನಿಗೆ ಹೇಳಿಲ್ಲ ಎಂದರೆ ಇವಳು ಅಲ್ಲೇ ನಿಂತು, ಅವಳು ಬರಲಿ ಆಮೇಲೆ ಮಾಡು ಎನ್ನುತ್ತಾಳೆ. ಹಿತ್ತಿಲು ಇಬ್ಬರದು, ಹಾಗೆನ್ನುವ ಹಕ್ಕೂ ಅವಳಿಗಿತ್ತು. ಸ್ವಂತ ಅಕ್ಕನನ್ನು ಕೇಳದೆ ಗೋಡೆ ಎಬ್ಬಿಸುತ್ತಿದ್ದೇನೆ ಎಂದು ಆಳುಗಳ ಮುಂದೆ ಒಪ್ಪಿಕೊಳ್ಳುವುದೂ ಆಗಲಿಲ್ಲ.

"ಹೌದು" ಎಂದೆ.

ಗೋಡೆಯ ಮೇಲೆ ಕೈ ಇಟ್ಟಿದ್ದವಳು ಕೈ ತೆಗೆದು, ಸೆರಗಿಗೆ ಒರೆಸಿಕೊಂಡು ಹೋದಳು. ನಾನು ಮುಂದಿನ ಸಾಲು ಇಟ್ಟಿಗೆ ಇಟ್ಟೆ. ಸಂಜೆಗೆ ಗೋಡೆ ಮುಗಿಯಿತು. ಮೂರು ದಿನ ಬಿಟ್ಟು ಬಚ್ಚಲಿನ ಕೆಲಸವೂ ಮುಗಿದು ಕರಣೆ ತೊಳೆದಿಟ್ಟೆ.

ಅಕ್ಕ ಬಂದ ದಿನ ನಾನು ಅವಳ ಚೀಲ ಹಿಡಿದು ಹಿಂದೆ ಹಿಂದೆ ನಡೆದೆ. ಇಳಿಜಾರು ನೋಡಿ ನಕ್ಕಳು. "ಒಪ್ಪಿಗೆ ಮುಗಿಸಿಬಿಟ್ಯಾ?" ಎಂದಳು. ಒಲೆಕಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂತು ನೋಡಿದಳು. ಬಚ್ಚಲಿನೊಳಗೆ ಹೋಗಿ ಸ್ಟೀಲಿನ ಹಿಡಿಯನ್ನು ಹಿಡಿದು, ಎದ್ದು ಕೂತು ಮಾಡಿದಳು. ಒರಟು ಹಾಸುಗಲ್ಲಿನ ಮೇಲೆ ಪಾದ ಉಜ್ಜಿದಳು. ಆಮೇಲೆ ಸುತ್ತ ನೋಡಿ ಕೇಳಿದಳು: "ಹಿತ್ತಿಲ ಬಾಗಿಲೆಲ್ಲೋ?"

"ಅದೇ ಜಾಗ ಅಕ್ಕ ಇದು. ಬೇರೆ ಕಡೆ ನೀರು ಹರಿಯಲ್ಲ."

ಅವಳು ಹಿಡಿಯನ್ನು ಬಿಡಲಿಲ್ಲ. ಗೋಡೆಯನ್ನೇ ನೋಡುತ್ತ ನಿಂತಳು. ಗಾಳಿಗೆಂದು ನಾನು ಮೇಲೆ ಸೂರಿನ ಹತ್ತಿರ ಗೇಣಗಲದ ಗವಾಕ್ಷಿ ಬಿಟ್ಟಿದ್ದೆ. ಅದರಲ್ಲಿ ಆಕಾಶ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ಚೆನ್ನಾಗಿದೆ" ಎಂದಳು. ಆಮೇಲೆ, "ಚೆನ್ನಾಜಿ ಏನಾದ್ರೂ ಕೇಳಿದ್ಲಾ?" ಎಂದಳು.

"ಇಲ್ಲ" ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಅಕ್ಕ ಅಷ್ಟು ದೂರ ಪ್ರಯಾಣ ಮಾಡಿ ಬಂದಿದ್ದಳು. ನಾನು ಎರಡು ವಾರ ಮೈಮುರಿದು ದುಡಿದಿದ್ದೆ. ಆ ಹೊತ್ತು ನನಗೆ ಒಂದು ಒಳ್ಳೆಯ ಮಾತು ಬೇಕಿತ್ತು, ಅಷ್ಟೇ.

ನಮ್ಮ ಬೀದಿಯಿಂದ ಚೆನ್ನಾಜಮ್ಮನ ಬೀದಿಗೆ ಮುಂದಿನಿಂದ ಹೋಗುವುದೆಂದರೆ ಕೆರೆ ಏರಿಯವರೆಗೆ ಇಳಿದು, ರೇಷನ್ ಅಂಗಡಿ ಬಳಸಿ, ಮತ್ತೆ ಏರು ಹತ್ತಬೇಕು. ನನಗೆ ಹದಿನೈದು ನಿಮಿಷ, ಅಕ್ಕನ ಮಂಡಿಗೆ ಮುಕ್ಕಾಲು ಗಂಟೆ. ಬಾಣಂತಿ ಮನೆಯ ಅಂಟಿನುಂಡೆ ಕಟ್ಟಿಕೊಂಡು ಮಾರನೆಯ ದಿನವೇ ಅಕ್ಕ ಹೊರಟಳು. ಬಾಗಿಲಿಗೆ ಬಂದ ಸೊಸೆ ಭಾಗ್ಯ, "ಅತ್ತೆ ಮಲಗವ್ರೆ" ಎಂದಳಂತೆ. ಉಂಡೆ ಕೊಟ್ಟು ಬಂದಳು. ಎರಡು ದಿನ ಬಿಟ್ಟು ಮತ್ತೆ ಹೋದಳು. ಮತ್ತೆ ಹೋದಳು. ನಾಲ್ಕನೇ ಸಲ ಭಾಗ್ಯ ಅದೇ ಮಾತು ಹೇಳುತ್ತಿರುವಾಗ ಒಳಗಿನಿಂದ ಕೊಡತಿಯ ಸದ್ದು ಬರುತ್ತಿತ್ತು.

"ನಿದ್ದೇಲಿ ಹುಣಸೆಹಣ್ಣು ಕುಟ್ತಾಳೆ ಅಂತ ಕಾಣ್ತದೆ" ಎಂದು ಅಕ್ಕ ನನಗೆ ಹೇಳಿ ನಕ್ಕಳು. "ಕೋಳಿ ವಿಷಯಕ್ಕೆ ಇಷ್ಟು ದಿನ ಸಿಟ್ಟು ಇಟ್ಕೊಂಡವಳಲ್ಲ. ನಾನೂ ಹಾಗೆ ಅನ್ನಬಾರದಿತ್ತು." ಆಮೇಲೆ ಅವಳು ಹೋಗಲಿಲ್ಲ.

ನಾನು ಬಾಯಿ ಬಿಡಬಹುದಿತ್ತು. ಅಂದೇ ಹೇಳಿದ್ದರೆ ಒಂದು ಸಣ್ಣ ತಪ್ಪಾಗಿ ಮುಗಿದುಹೋಗುತ್ತಿತ್ತು. ನಾಳೆ ಹೇಳೋಣ ಎಂದುಕೊಂಡೆ. ನಾಳೆ ಹೇಳಿದರೆ ಇವತ್ತು ಯಾಕೆ ಹೇಳಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕಾಗುತ್ತಿತ್ತು.

ಮಾಘದಲ್ಲಿ ಒಂದು ಮಧ್ಯಾಹ್ನ ಕೆಲಸದಿಂದ ಬೇಗ ಬಂದೆ. ಬಚ್ಚಲಿನಲ್ಲಿ ಸುತ್ತಿಗೆಯ ಸದ್ದು ಕೇಳಿ ಒಳಗೆ ಓಡಿದೆ. ಅಕ್ಕ ಸ್ಟೂಲಿನ ಮೇಲೆ ಕೂತು ನನ್ನ ಉಳಿ ಸುತ್ತಿಗೆ ಹಿಡಿದು ಗೋಡೆ ಒಡೆಯುತ್ತಿದ್ದಳು. ಮೂರು ಇಟ್ಟಿಗೆ ಆಗಲೇ ಕಿತ್ತು ಬಂದಿದ್ದವು. ಮುಖ ತಲೆಯೆಲ್ಲ ದೂಳು. ಅವಳು ತೂತಿಗೆ ಬಾಯಿಟ್ಟು, "ಚೆನ್ನಾಜೀ... ಏ ಚೆನ್ನಾಜೀ" ಎಂದು ಕೂಗುತ್ತಿದ್ದಳು. ತೂತಿನಿಂದ ಒಗೆಯುವ ಕಲ್ಲು ಕಾಣುತ್ತಿತ್ತು, ಅದರಾಚೆ ಚೆನ್ನಾಜಮ್ಮನ ಬಾಗಿಲು. ಮುಚ್ಚಿತ್ತು. ಯಾರೂ ಬರಲಿಲ್ಲ.

"ಅಕ್ಕ, ಏನಿದು? ಬೆಳಗಾದ್ರೆ ಇಟ್ಟಿಗೆ ಮತ್ತೆ ಕೂತಿರುತ್ತೆ. ಗೊತ್ತಿಲ್ವಾ ನಿನಗೆ?"

"ಗೊತ್ತು ಕಣೋ" ಎಂದಳು. "ಬೆಳಗಾಗೋ ತನಕ ಇರುತ್ತಲ್ಲ ಅಂದ್ಕೊಂಡೆ."

ನಾನು ಇಟ್ಟಿಗೆ ಚೂರು ಗುಡಿಸಿ ಅವಳಿಗೆ ಕೈಕಾಲು ತೊಳೆಯಲು ನೀರು ಕೊಟ್ಟೆ. ಆ ಹೊತ್ತಿನಲ್ಲಾದರೂ ಬೀದಿ ಬಳಸಿ ಓಡಿಹೋಗಿ, ಚೆನ್ನಾಜಕ್ಕ ಬಾ, ತೂತು ತೆರೆದಿದೆ, ಅಕ್ಕ ಕರೆಯುತ್ತಿದ್ದಾಳೆ ಎನ್ನಬಹುದಿತ್ತು. ಹದಿನೈದು ನಿಮಿಷದ ದಾರಿ. ನಾನು ಸ್ನಾನ ಮಾಡಿ ಊಟಕ್ಕೆ ಕೂತೆ. ಬೆಳಗ್ಗೆ ಎದ್ದು ನೋಡಿದಾಗ ಗೋಡೆ ಇದ್ದ ಹಾಗೇ ಇತ್ತು. ಬಳಿದಿದ್ದ ಸುಣ್ಣದಲ್ಲಿ ಒಂದು ಗೀರೂ ಇರಲಿಲ್ಲ. ಅಕ್ಕ ಅದರ ಮೇಲೆ ಟವೆಲು ಒಣಹಾಕಲು ಒಂದು ಮೊಳೆ ಹೊಡಿ ಎಂದಳು. ಹೊಡೆದುಕೊಟ್ಟೆ.

ಹೀಗೆ ಮೂರು ವರ್ಷ. ನಮ್ಮ ಮನೆ ನೋಡಲು ಜನ ಬರುತ್ತಿದ್ದರು. ಒಪ್ಪಿಗೆ ಉಳಿಸಿಕೊಂಡವರು ತಮ್ಮ ವಯಸ್ಸಾದ ತಾಯಿಯನ್ನೋ ಅತ್ತೆಯನ್ನೋ ಕರೆತಂದು, ನೋಡಿ, ಹೀಗೆ ಮಾಡಿಸೋಣ ಎನ್ನುತ್ತಿದ್ದರು. ಅಕ್ಕ ಎಲ್ಲವನ್ನೂ ತೋರಿಸುತ್ತಿದ್ದಳು. ಹಿಡಿ ಹಿಡಿದು ಎದ್ದು ತೋರಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದೆ. ಅವಳು ಹುಣಸೆಹಣ್ಣು ತರಿಸುವುದನ್ನು ಬಿಟ್ಟಿದ್ದಳು. ಮಧ್ಯಾಹ್ನ ಮಲಗುತ್ತಿದ್ದಳು. ಮೊದಲು ಅವಳಿಗೆ ಹಗಲು ನಿದ್ದೆ ಮಾಡುವ ಅಭ್ಯಾಸವಿರಲಿಲ್ಲ.

ಮೂರನೇ ವರ್ಷ ಚೆನ್ನಾಜಮ್ಮನ ಮಗ ಶಿವಲಿಂಗು ನನ್ನನ್ನು ಹುಡುಕಿಕೊಂಡು ಬಂದ. ಅವನ ತಾಯಿಗೆ ಎಡಗಡೆ ಸ್ವಾಧೀನ ತಪ್ಪಿದೆ, ಮನೆಯ ಒಪ್ಪಿಗೆ ಉಳಿದಿದೆ, ಬಂದು ನೋಡಬೇಕು ಎಂದ. ಅಕ್ಕನಿಗೆ ಹೇಳದೆ ಹೋದೆ.

ಆ ಮನೆ ಥೇಟು ನಮ್ಮ ಮನೆಯ ಹಾಗೇ ಕಟ್ಟಿದ್ದು. ಕಟ್ಟಿದ ಮೇಸ್ತ್ರಿ ಒಬ್ಬನೇ. ಅದೇ ಅಳತೆಯ ಅಡುಗೆಮನೆ, ಅದೇ ಮೂಲೆಗೆ ಹಿತ್ತಿಲ ಬಾಗಿಲು. ಟೇಪು ಹಿಡಿದು ನಿಂತವನಿಗೆ ತಟ್ಟನೆ ಕಂಡಿತು: ಒಲೆಕಟ್ಟೆಯನ್ನು ಎದುರು ಗೋಡೆಗೆ ತಿರುಗಿಸಿ, ಬಚ್ಚಲನ್ನು ಎರಡು ಅಡಿ ಉದ್ದಕ್ಕೆ ಎಳೆದರೆ ಬಾಗಿಲು ಬಾಗಿಲಾಗಿಯೇ ಉಳಿಯುತ್ತದೆ. ನೀರಿಗೂ ತೊಂದರೆಯಿಲ್ಲ. ನಮ್ಮ ಮನೆಯಲ್ಲಿ ಅದು ನನಗೆ ಕಂಡಿರಲಿಲ್ಲ. ಬಾಗಿಲು ಉಳಿಯಬೇಕು ಎಂದುಕೊಂಡು ನಾನು ಅಲ್ಲಿ ಅಳತೆ ಹಿಡಿದೇ ಇರಲಿಲ್ಲ.

ಚೆನ್ನಾಜಮ್ಮ ನಡುಮನೆಯಲ್ಲಿ ಮಂಚದ ಮೇಲಿದ್ದಳು. ತುಂಬ ಇಳಿದುಹೋಗಿದ್ದಳು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ತಿಳಿಯುತ್ತಿತ್ತು.

"ನಿಮ್ಮಕ್ಕ ಹೆಂಗವ್ಳೆ?"

"ಚೆನ್ನಾಗವ್ಳೆ."

"ಮತ್ತೆ ಬಿದ್ದಿಲ್ವಾ?"

"ಇಲ್ಲ."

"ಒಳ್ಳೇದಾಯ್ತು ಬಿಡು."

ಶಿವಲಿಂಗು ಅದು ಬೇಕು ಇದು ಬೇಕು ಎಂದು ಹೇಳುತ್ತಿದ್ದ. ನಾನು ಅವನನ್ನು ತಡೆದು, "ಚೆನ್ನಾಜಕ್ಕ, ನಿನಗೆ ಏನು ಬೇಕು?" ಎಂದು ಕೇಳಿದೆ. ಅವಳು ಬಲಗೈ ಎತ್ತಿ ಅಡುಗೆಮನೆಯ ಕಡೆ ತೋರಿಸಿದಳು. ಮಂಚದಿಂದ ನೇರಕ್ಕೆ ಹಿತ್ತಿಲ ಬಾಗಿಲು ಕಾಣುತ್ತಿತ್ತು, ಅದರಾಚೆ ನಮ್ಮ ಮನೆಯ ಹಿಂಬದಿ.

"ಆ ಬಾಗ್ಲು ಮುಚ್ಚಿಬಿಡು. ಬೇರೇನೂ ಬ್ಯಾಡ. ಕಣ್ಬಿಟ್ರೆ ನಿಮ್ಮ ಗೋಡೆ ಕಾಣ್ತದೆ."

ನನ್ನ ಕೈಯಲ್ಲಿದ್ದ ಟೇಪು ಸರ್ರನೆ ಒಳಕ್ಕೆ ಸುತ್ತಿಕೊಂಡಿತು. ಮಂಚದ ಪಕ್ಕ ನೆಲದ ಮೇಲೆ ಕೂತೆ.

"ಅಕ್ಕನಿಗೆ ಗೊತ್ತಿರ್ಲಿಲ್ಲ ಚೆನ್ನಾಜಕ್ಕ. ಅವಳು ಹೇಳಿ ಹೋಗ್ಲಿಲ್ಲ. ನಾನೇ ಮಾಡಿದ್ದು. ನೀನು ಕೇಳಿದಾಗ ಸುಮ್ನೆ ಹೌದು ಅಂದೆ. ನೀನು ಕೇಳಿದ್ದನ್ನೂ ಅವಳಿಗೆ ಹೇಳಿಲ್ಲ."

ಶಿವಲಿಂಗು ತಲೆ ತಗ್ಗಿಸಿ ಹೊರಗೆ ಹೋದ. ಚೆನ್ನಾಜಮ್ಮನ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ನಾಕು ಸಾರಿ ಬಂದಿದ್ಲು" ಎಂದಳು. "ನಾಕು ಸಾರಿನೂ ನಾನೇ ಹೇಳಿಸ್ದೆ, ಮಲಗವ್ಳೆ ಅನ್ನು ಅಂತ. ಗೋಡೆ ಒಡ್ದು ಕೂಗಿದ್ಲಲ್ಲ, ಅದೂ ಕೇಳಿಸ್ತು. ಬಾಗ್ಲ ಹಿಂದೇನೇ ನಿಂತಿದ್ದೆ. ಮನೆಯಿಂದ ಆಚೆ ಹಾಕಿ ಆಮೇಲೆ ತೂತಲ್ಲಿ ಕರೀತಾಳೆ ಅಂತ ರೋಷ ಬಂತು."

"ನನ್ನನ್ನ ಬೈಯಿ ಚೆನ್ನಾಜಕ್ಕ."

"ನಿನ್ನ ಬೈಯ್ಯಕ್ಕೆ ನನಗೆ ಹೊತ್ತಿಲ್ಲ. ಹೋಗಿ ಅವಳ್ನ ಕರ್ಕಂಡು ಬಾ."

ಮನೆಗೆ ಬಂದಾಗ ಅಕ್ಕ ತಗ್ಗಿನ ಒಲೆಕಟ್ಟೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ನಿಂತೇ ಎಲ್ಲವನ್ನೂ ಹೇಳಿದೆ. ಅವಳು ಕೈಯಲ್ಲಿದ್ದ ಕಾಯಿ ಹೆಚ್ಚಿ ಮುಗಿಸಿ, ಈಳಿಗೆ ಮಡಚಿ ಇಟ್ಟು, ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು. ಆಟೋ ಕೆರೆ ಏರಿಗೆ ಬಂದಾಗ ಅಕ್ಕ ಮಾತು ತೆಗೆದಳು.

"ಅವಳು ಕೇಳಿದಾಗ ಹೌದು ಅಂದೆ."

"ಹೂಂ."

"ನಾನು ಕೇಳಿದಾಗ ಇಲ್ಲ ಅಂದೆ."

"ಹೂಂ ಅಕ್ಕ."

"ಎರಡೂ ಒಂದೊಂದೇ ಮಾತು, ನೋಡು" ಎಂದಳು. ಮತ್ತೆ ಆಚೆ ನೋಡುತ್ತ ಕೂತಳು.

ಆ ಮನೆಯ ಮೆಟ್ಟಿಲು ಹತ್ತುವಾಗ ನನ್ನ ತೋಳು ಹಿಡಿದಿದ್ದಳು. ಒಳಗೆ ಹೋದ ಮೇಲೆ ಬಿಟ್ಟಳು. ಮಂಚದ ಹತ್ತಿರ ನಿಂತು ನೋಡಿದಳು. ಇಬ್ಬರೂ ಅಳುತ್ತಾರೆ ಎಂದುಕೊಂಡಿದ್ದೆ.

"ಬಂದ್ಯಾ" ಎಂದಳು ಚೆನ್ನಾಜಮ್ಮ.

"ಬಂದೆ ಕಣೇ. ಎಲ್ಲಿ, ಸರಿ ಒಂಚೂರು." ಅಕ್ಕ ಮಂಚದ ಅಂಚಿನಲ್ಲಿ ಕೂತಳು. ಗೆಳತಿಯ ಸ್ವಾಧೀನವಿಲ್ಲದ ಕೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಬೆರಳು ನೀವತೊಡಗಿದಳು. ನೀವುತ್ತಲೇ, "ನಿನ್ನ ಕೋಳಿ ಎಲ್ಲೇ? ಒಂದೂ ಕಾಣಲ್ಲ" ಎಂದಳು.

"ಮಾರಿಬಿಟ್ಟೆ. ಆವತ್ತೇ, ನೀನು ಬಸ್ ಹತ್ತಿದ್ ದಿನಾನೇ. ಅದೇ ಹೇಳಾನ ಅಂತ ಕಾಯ್ತಿದ್ದೆ. ನೀ ಯಾವತ್ತು ಬತ್ತೀಯ ಅಂತ ಕೇಳ್ಕಂಡು ಹೋಗಾನ ಅಂತ ಬಂದೆ, ಇವ್ನು ಗೋಡೆ ಕಟ್ತಿದ್ದ."

ಅಕ್ಕ ಆಗ ಅತ್ತಳು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ಆಮೇಲೆ ಒಂಬತ್ತು ವಾರ ಅಕ್ಕ ದಿನಾ ಮಧ್ಯಾಹ್ನ ಆಟೋದಲ್ಲಿ ಹೋಗುತ್ತಿದ್ದಳು. ಮಂಚದ ಪಕ್ಕ ಕೂತು ಹುಣಸೆಹಣ್ಣು ಕುಟ್ಟುತ್ತಿದ್ದಳು. ಚೆನ್ನಾಜಮ್ಮ ಒಂದೇ ಕೈಯಲ್ಲಿ ಬೀಜ ಆರಿಸುತ್ತಿದ್ದಳು. ಬಾಗಿಲು ಉಳಿಸಿಕೊಂಡು ಬಚ್ಚಲು ಒಳಗೆ ತರುವ ನನ್ನ ಲೆಕ್ಕಾಚಾರವನ್ನು ಅವಳಿಗೆ ವಿವರಿಸಿ ಹೇಳಿದೆ. ಪೂರಾ ಕೇಳಿಸಿಕೊಂಡು ಬೇಡವೆಂದಳು. "ನಂದು ಇನ್ನೆಷ್ಟು ದಿನ. ಒಪ್ಪಿಗೆ ಭಾಗ್ಯಂಗೆ ಇರ್ಲಿ. ಅವ್ಳಿಗೂ ವಯಸ್ಸಾಯ್ತದೆ. ಆಗ ಅವ್ಳನ್ನೇ ಕೇಳಿ ಮಾಡು" ಎಂದಳು. ಆ ಕೊನೆಯ ಮಾತನ್ನು ನನ್ನ ಮುಖ ನೋಡಿ ಹೇಳಿದಳು. ಅವಳು ನನ್ನನ್ನು ಬೈದದ್ದು ಎಂದರೆ ಅಷ್ಟೇ.

ಹತ್ತನೇ ವಾರದಲ್ಲಿ ಒಂದು ಬೆಳಗ್ಗೆ ನಾನು ಕೆಲಸಕ್ಕೆ ಹೊರಡುತ್ತಿದ್ದೆ. ಅಕ್ಕ ಬಚ್ಚಲಿನಲ್ಲಿದ್ದಳು. ಮೇಲಿನ ಗವಾಕ್ಷಿಯಿಂದ ಭಾಗ್ಯಳ ಕೂಗು ಕೇಳಿತು. ಅಕ್ಕ ಒದ್ದೆ ಕಾಲಿನಲ್ಲೇ ಬಂದು, "ನಡಿ" ಎಂದಳು. ಆ ಹೊತ್ತಿಗೆ ಬೀದಿಯಲ್ಲಿ ಒಂದು ಆಟೋ ಇರಲಿಲ್ಲ. ನಡೆದೆವು. ಏರಿಯ ಹತ್ತಿರ ಅಕ್ಕನಿಗೆ ಉಸಿರು ಹಿಡಿಯಿತು, ರೇಷನ್ ಅಂಗಡಿಯ ಕಟ್ಟೆಯ ಮೇಲೆ ಕೂತಳು. ನೀನು ಹೋಗು ಎಂದಳು. ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ಬೆನ್ನಿಗೆ ಹೊತ್ತುಕೊಳ್ಳುತ್ತೇನೆ ಎಂದರೆ ಒಪ್ಪಲಿಲ್ಲ. ಎದ್ದು ಮತ್ತೆ ನಡೆದಳು. ನಾವು ಮೆಟ್ಟಿಲು ಹತ್ತುವಾಗ ಒಳಗಿನವರು ಮಂಚವನ್ನು ಗೋಡೆಯಿಂದ ಈಚೆಗೆ ಎಳೆದಿದ್ದರು. ಜೀವ ಹೋಗಿ ಕಾಲು ಗಂಟೆಯಾಯಿತು, ನಿಮ್ಮಕ್ಕನನ್ನು ಕೇಳ್ತಾ ಇದ್ರು ಎಂದು ಭಾಗ್ಯ ನನಗೆ ಹೇಳಿದಳು. ಅಕ್ಕನಿಗೂ ಕೇಳಿಸಿತು.

ಅಕ್ಕ ಅದಾದ ಮೇಲೆ ಏಳು ವರ್ಷ ಬದುಕಿದಳು. ನಾನು ಅಂದುಕೊಂಡಂತೆಯೇ ಎಲ್ಲ ನಡೆಯಿತು. ಕೊನೆಯ ಎರಡು ವರ್ಷ ಗಾಲಿಕುರ್ಚಿ ಬೇಕಾಯಿತು, ಅಗಲ ಮಾಡಿದ ಬಾಗಿಲಿನಲ್ಲಿ ಸಲೀಸಾಗಿ ಹೋಯಿತು. ಹಿಡಿಗಳು ಅಲುಗಲಿಲ್ಲ. ಒಂದು ದಿನವೂ ಅವಳು ಬೀಳಲಿಲ್ಲ. ನೋಡಲು ಬಂದವರು ಅದನ್ನೇ ಹೇಳುತ್ತಿದ್ದರು, ಅಕ್ಕ ಹೌದು ಎನ್ನುತ್ತಿದ್ದಳು. ನನಗೆ ಆ ಮಾತು ಕೇಳಿದರೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು.

ಅವಳು ಯಾವತ್ತೂ ನನ್ನನ್ನು ಆ ವಿಷಯಕ್ಕೆ ಅಂದಿರಲಿಲ್ಲ. ಅದೇ ನನಗೆ ಕಷ್ಟವಾಗಿತ್ತು. ಕೊನೆಯ ಬೇಸಿಗೆಯಲ್ಲಿ ಒಂದು ಸಂಜೆ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಾಗ ನಾನೇ ಆ ಮಾತು ತೆಗೆದೆ. ಒಲೆಕಟ್ಟೆ ತಿರುಗಿಸಿದ್ದರೆ ಬಾಗಿಲು ಉಳಿಯುತ್ತಿತ್ತು ಎಂಬುದನ್ನೂ ಹೇಳಿದೆ. ಆಮೇಲೆ ಕೇಳಿದೆ:

"ಅಕ್ಕ, ಆವತ್ತು ನಿನ್ನನ್ನ ಕೇಳಿದ್ದಿದ್ರೆ ಏನು ಅಂತಿದ್ದೆ?"

ಅವಳು ಯೋಚನೆ ಮಾಡಲಿಲ್ಲ. ಈ ಪ್ರಶ್ನೆಯನ್ನು ತಾನೇ ಎಷ್ಟೋ ಸಲ ಕೇಳಿಕೊಂಡಿದ್ದವಳ ಹಾಗೆ ಹೇಳಿದಳು.

"ಮುಚ್ಚು ಅಂತಲೇ ಅಂತಿದ್ದೆ ಕಣೋ. ನನ್ನ ಮಂಡಿ ನನಗೆ ಗೊತ್ತಿರಲಿಲ್ವಾ? ಒಲೆಕಟ್ಟೆ ತಿರುಗಿಸೋದು ನನಗೂ ಹೊಳೀತಿರಲಿಲ್ಲ. ಆದ್ರೆ ಮೊದಲು ಆಚೆ ಹೋಗಿ ಅವಳಿಗೆ ಒಂದು ಮಾತು ಹೇಳಿ ಬರ್ತಿದ್ದೆ. ಅವಳು ಒಂದು ದಿನ ಅಳೋಳು. ಎರಡು ದಿನ ನಿನ್ನನ್ನ ಬೈಯೋಳು. ಮೂರನೇ ದಿನ ಬಂದು, ಆ ಕಡೆ ನಿಂತು ನಿನಗೆ ಇಟ್ಟಿಗೆ ಎತ್ತಿ ಕೊಡೋಳು."